ದಾಸ್ತಾನು ಶೆಡ್ಡಿಗೆ ತಗಡಿನ ಇಳಿಚಾವಣಿ: ಗಾಳಿಗೆ ಹಾರದ, ಮಳೆಗೆ ಸೋರದ ನಿರ್ಮಾಣ ಕ್ರಮ

ಪೀಠಿಕೆ

ಕೃಷಿ ಹಿಡುವಳಿಗಳಲ್ಲಿ ಕಾಳು, ಗೊಬ್ಬರ ಹಾಗೂ ಸಲಕರಣೆಗಳಿಗೆಂದು ಕಟ್ಟಿದ ದಾಸ್ತಾನು ಶೆಡ್ಡು ಕೆಲವೇ ವರ್ಷಗಳಲ್ಲಿ ಸಾಲದಾಗುತ್ತದೆ. ಪವರ್ ಟಿಲ್ಲರ್, ಹನಿ ನೀರಾವರಿಯ ಪೈಪುಗಳು, ತುಂತುರು ಸೆಟ್ಟು, ಪ್ಲಾಸ್ಟಿಕ್ ಕ್ರೇಟುಗಳು ಮುಂತಾದವು ಬಿಸಿಲು ಮಳೆಗೆ ಮೈಯೊಡ್ಡಿ ಹಾಳಾಗುತ್ತವೆ. ಹೊಸ ಕಟ್ಟಡಕ್ಕೆ ಹೆಚ್ಚಿನ ವೆಚ್ಚ ತಗಲುವುದರಿಂದ, ಇರುವ ಶೆಡ್ಡಿನ ಒಂದು ಗೋಡೆಗೆ ಹೊಂದಿಕೊಂಡಂತೆ ಕಂಬಗಳನ್ನು ನೆಟ್ಟು, ಒಂದೇ ಕಡೆಗೆ ಇಳಿಜಾರಾಗಿ ತಗಡು ಹೊದಿಸುವುದು ರೂಢಿಯಲ್ಲಿದೆ. ಇದನ್ನು ರೈತರು ಆಡುಮಾತಿನಲ್ಲಿ ‘ಶೀಟು ಇಳಿಸುವುದು’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಇಳಿಚಾವಣಿ’ ಎಂದು ಕರೆಯಲಾಗಿದೆ.

ಇಳಿಚಾವಣಿಯು ಭಾರ ತಾಳಲಾರದೆ ಕುಸಿಯುವುದು ಅಪರೂಪ. ಗಾಳಿಗೆ ಕಿತ್ತು ಹಾರುವುದೇ ಸಾಮಾನ್ಯ. ಏಪ್ರಿಲ್–ಮೇ ತಿಂಗಳುಗಳ ಮುಂಗಾರು ಪೂರ್ವ ಬಿರುಗಾಳಿಯಲ್ಲಿ ಹಾರಿದ ತಗಡು ದಾಸ್ತಾನನ್ನು ಮಳೆಗೆ ಒಡ್ಡುವುದಷ್ಟೇ ಅಲ್ಲ, ಜನ ಮತ್ತು ಜಾನುವಾರುಗಳ ಪ್ರಾಣಕ್ಕೂ ಎರವಾಗಬಲ್ಲದು. ಆದುದರಿಂದ ಚಾವಣಿಯನ್ನು ಹೊತ್ತು ನಿಲ್ಲುವ ಬಲಕ್ಕಿಂತ ಅದನ್ನು ನೆಲಕ್ಕೆ ಹಿಡಿದಿಡುವ ಬಲಕ್ಕೆ ಹೆಚ್ಚು ಗಮನ ಕೊಡಬೇಕು. 20 ಅಡಿ ಉದ್ದ ಹಾಗೂ 10 ಅಡಿ ಅಗಲದ ಇಳಿಚಾವಣಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಉಪಯೋಗವನ್ನು ಮೊದಲು ನಿರ್ಧರಿಸಬೇಕು

ತಗಡಿನ ಚಾವಣಿಯ ಕೆಳಗೆ ಹಗಲಿನಲ್ಲಿ ಉಷ್ಣತೆ ಬಹಳ ಏರುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ತಗಡು ಬೇಗನೆ ತಣ್ಣಗಾಗುವುದರಿಂದ ಅದರ ಒಳಮೈಯಲ್ಲಿ ಗಾಳಿಯ ತೇವಾಂಶವು ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಶೇಖರಣೆಯ ಉಷ್ಣತೆ ಪ್ರತಿ 5 ಡಿಗ್ರಿ ಸೆಲ್ಸಿಯಸ್ ಏರಿದಂತೆ ಬೀಜದ ಬಾಳಿಕೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಬೀಜ ವಿಜ್ಞಾನದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ. ಆದ್ದರಿಂದ ಬಿತ್ತನೆ ಬೀಜ, ಕೀಟನಾಶಕ ಹಾಗೂ ದೀರ್ಘಕಾಲ ಇಡಬೇಕಾದ ಕಾಳುಗಳನ್ನು ಹಳೆಯ ಶೆಡ್ಡಿನೊಳಗೇ ಉಳಿಸಿಕೊಂಡು, ಉಪಕರಣ, ಪೈಪು, ಕ್ರೇಟು ಮತ್ತು ಖಾಲಿ ಚೀಲಗಳನ್ನು ಹೊರಗಿನ ಇಳಿಚಾವಣಿಗೆ ಸ್ಥಳಾಂತರಿಸುವುದು ಸೂಕ್ತ. ಕೊಯ್ಲಿನ ನಂತರ ಕೆಲವು ದಿನಗಳ ಮಟ್ಟಿಗೆ ಮೂಟೆಗಳನ್ನು ಇಡಬೇಕಾಗಿ ಬಂದಲ್ಲಿ, ಮರದ ಹಲಗೆಗಳ ಮೇಲೆ, ಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ದೂರದಲ್ಲಿ ಇಡಬೇಕು.

ರಾಸಾಯನಿಕ ಗೊಬ್ಬರದ ಲವಣಾಂಶ ಹಾಗೂ ಕೊಟ್ಟಿಗೆಯ ಅಮೋನಿಯಾ ಅನಿಲವು ತಗಡಿನ ಸತುವಿನ ಲೇಪವನ್ನು ತಿನ್ನುತ್ತವೆ. ಗೊಬ್ಬರದ ಚೀಲಗಳನ್ನು ಕಬ್ಬಿಣದ ಕಂಬಗಳಿಗೆ ಒರಗಿಸಿ ಇಡಬಾರದು.

ಹಳೆಯ ಗೋಡೆಯಲ್ಲಿ ಕಿಟಕಿ ಅಥವಾ ಗಾಳಿಕಿಂಡಿ ಇದ್ದಲ್ಲಿ ಇಳಿಚಾವಣಿಯು ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಕಿಂಡಿ ಮುಚ್ಚಿದರೆ ಹಳೆಯ ಶೆಡ್ಡಿನಲ್ಲಿ ತೇವ ನಿಂತು ಒಳಗಿನ ಕಾಳಿಗೆ ಬೂಷ್ಟು ಹಿಡಿಯುತ್ತದೆ.

ಗಾಳಿಯ ಲೆಕ್ಕ

ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 875ರ 3ನೇ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ (ಗಂಟೆಗೆ ಸುಮಾರು 119 ಕಿ.ಮೀ.) ಹಾಗೂ ಮಂಗಳೂರಿಗೆ 39 ಮೀಟರ್ (ಗಂಟೆಗೆ ಸುಮಾರು 140 ಕಿ.ಮೀ.) ಮೂಲ ಗಾಳಿವೇಗವನ್ನು ಸೂಚಿಸುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ನ್ಯೂಟನ್ ಲೆಕ್ಕದಲ್ಲಿ ಗಾಳಿಯ ಒತ್ತಡ ದೊರೆಯುತ್ತದೆ. ಇದು ಮೊದಲ ವೇಗಕ್ಕೆ ಚದರ ಮೀಟರಿಗೆ ಸುಮಾರು 67 ಕಿ.ಗ್ರಾಂ. ತೂಕಕ್ಕೂ, ಎರಡನೆಯದಕ್ಕೆ ಸುಮಾರು 93 ಕಿ.ಗ್ರಾಂ. ತೂಕಕ್ಕೂ ಸಮ.

ನಮ್ಮ ಉದಾಹರಣೆಯಲ್ಲಿ ಅಂಚಿನ ಚಾಚು ಸೇರಿ ತಗಡಿನ ವಿಸ್ತೀರ್ಣ 12 ಅಡಿ × 21 ಅಡಿ, ಅಂದರೆ ಸುಮಾರು 23 ಚದರ ಮೀಟರ್. ಅರ್ಧ ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ ಹೆಚ್ಚೆಂದರೆ 5 ಕಿ.ಗ್ರಾಂ. ತೂಗುತ್ತದೆ. ಒಟ್ಟು ತಗಡಿನ ತೂಕ ಸುಮಾರು 115 ಕಿ.ಗ್ರಾಂ.; ಕಬ್ಬಿಣದ ಚೌಕಟ್ಟನ್ನು ಸೇರಿಸಿದರೂ ಸುಮಾರು 300 ಕಿ.ಗ್ರಾಂ. ಆದರೆ ಬಿರುಗಾಳಿಯಲ್ಲಿ ಇದೇ ಚಾವಣಿಯನ್ನು ಮೇಲಕ್ಕೆತ್ತುವ ಬಲವು ಒಳನಾಡಿನಲ್ಲಿ 1,500 ಕಿ.ಗ್ರಾಂ., ಕರಾವಳಿಯಲ್ಲಿ 2,100 ಕಿ.ಗ್ರಾಂ. ಆಗಬಲ್ಲದು.

ತಗಡಿನ ಮೇಲೆ ಕಲ್ಲು ಅಥವಾ ಮರಳಿನ ಚೀಲ ಹೇರುವ ಪದ್ಧತಿ ಏಕೆ ಸಾಲದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ತಲಾ 20 ಕಿ.ಗ್ರಾಂ. ತೂಕದ ಹತ್ತು ಕಲ್ಲುಗಳನ್ನು ಇಟ್ಟರೂ ಸೇರುವುದು 200 ಕಿ.ಗ್ರಾಂ. ಮಾತ್ರ. ತಗಡು ಎದ್ದಾಗ ಆ ಕಲ್ಲುಗಳೇ ಕೆಳಗಿದ್ದವರ ಮೇಲೆ ಉರುಳುತ್ತವೆ. ಈ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡಬೇಕು.

ಮೇಲಿನದು ಸರಳ ಅಂದಾಜು. ಒಂದು ಬದಿಯನ್ನು ಮಾತ್ರ ತೆರೆದಿಟ್ಟು ಉಳಿದ ಬದಿಗಳನ್ನು ತಗಡಿನಿಂದ ಮುಚ್ಚಿದಲ್ಲಿ, ಒಳನುಗ್ಗಿದ ಗಾಳಿಯು ಹೊರಹೋಗಲು ದಾರಿಯಿಲ್ಲದೆ, ಬಿಚ್ಚಿದ ಕೊಡೆಯನ್ನು ಎತ್ತುವಂತೆ ಚಾವಣಿಯನ್ನು ಎತ್ತುತ್ತದೆ. ಆಗ ಬಲವು ಇನ್ನೂ ಹೆಚ್ಚುತ್ತದೆ. ಗಾಳಿ ಹೆಚ್ಚಾಗಿ ಬೀಸುವ ಬದಿಯನ್ನು ತೆರೆದಿಟ್ಟು ಉಳಿದೆರಡು ಬದಿಗಳನ್ನು ಮುಚ್ಚುವುದು ಅತ್ಯಂತ ಅಪಾಯಕಾರಿ.

ಹಳೆಯ ಗೋಡೆಯ ಪರೀಕ್ಷೆ

ಇಳಿಚಾವಣಿಯ ಮೇಲ್ತುದಿಯನ್ನು ಹಳೆಯ ಗೋಡೆಗೆ ಬಿಗಿಯುವುದೋ, ಅಥವಾ ಅದಕ್ಕೂ ಪ್ರತ್ಯೇಕ ಕಂಬಗಳನ್ನು ಕೊಡುವುದೋ ಎಂಬುದು ಗೋಡೆಯ ಸ್ಥಿತಿಯನ್ನು ಅವಲಂಬಿಸಿದೆ.

• ಸಿಮೆಂಟ್ ಗಾರೆಯಲ್ಲಿ ಕಟ್ಟಿದ, ಕನಿಷ್ಠ 9 ಇಂಚು ದಪ್ಪದ, ಬಿರುಕಿಲ್ಲದ ಇಟ್ಟಿಗೆ ಗೋಡೆಗೆ ಅಥವಾ ಕಾಂಕ್ರೀಟ್ ಕಂಬಗಳಿಗೆ ಬಿಗಿಯಬಹುದು. ಬೋಲ್ಟು ಗೋಡೆಯ ಒಳಮೈವರೆಗೆ ಹಾಯ್ದು, ಒಳಗಡೆ 6 ಇಂಚು ಚೌಕದ ಕಬ್ಬಿಣದ ಪಟ್ಟಿಯ ಮೇಲೆ ನಟ್ಟಿನಿಂದ ಬಿಗಿಯಲ್ಪಡಬೇಕು.

• ಮಣ್ಣಿನ ಗೋಡೆ, ಮಣ್ಣಿನ ಗಾರೆಯ ಕಲ್ಲುಗೋಡೆ, ಟೊಳ್ಳು ಸಿಮೆಂಟ್ ಇಟ್ಟಿಗೆ ಹಾಗೂ ಕರಾವಳಿಯ ಜಂಬಿಟ್ಟಿಗೆ ಗೋಡೆಗಳಲ್ಲಿ ಬೋಲ್ಟುಗಳು ಸಡಿಲವಾಗುವ ಸಂಭವ ಹೆಚ್ಚು. ಇಂತಹ ಕಡೆ ಗೋಡೆಯ ಬದಿಗೂ ಮೂರು ಕಂಬಗಳನ್ನು ನೆಟ್ಟು, ಒಟ್ಟು ಆರು ಕಂಬಗಳ ಸ್ವತಂತ್ರ ಚೌಕಟ್ಟನ್ನು ನಿರ್ಮಿಸಬೇಕು.

• ಎರೆ ಭೂಮಿಯಲ್ಲಿ ಗೋಡೆ ಗಟ್ಟಿಯಿದ್ದರೂ ಸ್ವತಂತ್ರ ಚೌಕಟ್ಟೇ ಉತ್ತಮ. ಎರೆ ಮಣ್ಣು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುವುದರಿಂದ ಹಳೆಯ ಹಾಗೂ ಹೊಸ ಅಡಿಪಾಯಗಳು ಒಂದೇ ಪ್ರಮಾಣದಲ್ಲಿ ಅಲುಗಾಡುವುದಿಲ್ಲ. ಎರಡನ್ನೂ ಬಿಗಿದು ಕಟ್ಟಿದರೆ ಹಳೆಯ ಗೋಡೆ ಬಿರುಕು ಬಿಡುತ್ತದೆ.

ಯಾವುದೇ ಸಂದರ್ಭದಲ್ಲೂ ಹಳೆಯ ಚಾವಣಿಯ ತೊಲೆಗಳಿಗೆ ಹೊಸ ಚಾವಣಿಯನ್ನು ನೇತುಹಾಕಬಾರದು. ಗಾಳಿಗೆ ಹೊಸದು ಎದ್ದರೆ ಹಳೆಯದನ್ನೂ ಎಳೆದುಕೊಂಡು ಹೋಗುತ್ತದೆ.

ಎತ್ತರ ಮತ್ತು ಇಳಿಜಾರು

ಒಳನಾಡಿನಲ್ಲಿ ಪ್ರತಿ 5 ಅಡಿ ಅಗಲಕ್ಕೆ 1 ಅಡಿ, ಮಲೆನಾಡು ಮತ್ತು ಕರಾವಳಿಯಲ್ಲಿ ಪ್ರತಿ 3 ಅಡಿಗೆ 1 ಅಡಿ ಇಳಿಜಾರು ಇರುವುದು ಒಳ್ಳೆಯದು. 10 ಅಡಿ ಅಗಲಕ್ಕೆ ಒಳನಾಡಿನಲ್ಲಿ 2 ಅಡಿ ಇಳಿಜಾರು ಬೇಕಾಗುತ್ತದೆ. ಗೋಡೆಯ ಬದಿಯಲ್ಲಿ 9 ಅಡಿ ಎತ್ತರ ದೊರೆತರೆ ಹೊರಬದಿಯ ಕಂಬದ ಬಳಿ 7 ಅಡಿ ಉಳಿಯುತ್ತದೆ. ಓಡಾಟಕ್ಕೆ ಇದು ಸಾಕು.

ಹಳೆಯ ಸೂರಿನ ಅಂಚು 8 ಅಡಿ ಎತ್ತರದಲ್ಲಿಯೇ ಇದ್ದಲ್ಲಿ ಹೊರಬದಿಗೆ 6 ಅಡಿ ಮಾತ್ರ ಉಳಿದು ತಲೆ ತಾಗುತ್ತದೆ. ಆಗ ಇಳಿಜಾರನ್ನು ಕಡಿಮೆ ಮಾಡುವುದಾಗಲಿ, ನೆಲವನ್ನು ಅಗೆದು ತಗ್ಗಿಸುವುದಾಗಲಿ ತಪ್ಪು. ಮೊದಲನೆಯದರಿಂದ ತಗಡಿನ ಜೋಡಣೆಗಳಲ್ಲಿ ನೀರು ಹಿಂದಕ್ಕೆ ನುಗ್ಗುತ್ತದೆ; ಎರಡನೆಯದರಿಂದ ಮಳೆನೀರು ಒಳಗೆ ನಿಲ್ಲುತ್ತದೆ. ಅಗಲವನ್ನು 7 ಅಡಿಗೆ ಇಳಿಸಿದರೆ ಅದೇ ಇಳಿಜಾರಿನಲ್ಲಿ ಹೊರಬದಿಗೆ ಸುಮಾರು ಆರೂವರೆ ಅಡಿ ದೊರೆಯುತ್ತದೆ. ಇಲ್ಲವೇ, ಹಳೆಯ ಶೆಡ್ಡಿನ ತ್ರಿಕೋನಾಕಾರದ ಗೋಡೆಯ ಬದಿಯನ್ನು ಆರಿಸಿಕೊಳ್ಳಬೇಕು. ಅಲ್ಲಿ ಎತ್ತರ ಹೆಚ್ಚು ದೊರೆಯುವುದಲ್ಲದೆ ಹಳೆಯ ಚಾವಣಿಯ ನೀರು ಹೊಸದರ ಮೇಲೆ ಬೀಳುವುದಿಲ್ಲ.

10 ಅಡಿ ಅಗಲವನ್ನು ಆಯ್ದುಕೊಂಡಿರುವುದಕ್ಕೂ ಕಾರಣವಿದೆ. ಮಾರುಕಟ್ಟೆಯಲ್ಲಿ ದೊರೆಯುವ 12 ಅಡಿ ಉದ್ದದ ಒಂದೇ ತಗಡು ಗೋಡೆಯಿಂದ ಅಂಚಿನವರೆಗೆ, ಹೊರಚಾಚು ಸೇರಿದಂತೆ, ಸಾಕಾಗುತ್ತದೆ. ಒಳನಾಡಿನ ಇಳಿಜಾರಿಗೆ ಹೊರಚಾಚು ಸುಮಾರು ಒಂದೂಮುಕ್ಕಾಲು ಅಡಿ ಉಳಿಯುತ್ತದೆ. ನಡುವೆ ಅಡ್ಡ ಜೋಡಣೆ ಇಲ್ಲದಿರುವುದರಿಂದ ಸೋರಿಕೆಯ ಒಂದು ಪ್ರಮುಖ ಕಾರಣ ಇಲ್ಲವಾಗುತ್ತದೆ.

ಅಡಿಪಾಯ

ಚೌಕಟ್ಟಿನ ತೂಕವನ್ನು ಕಳೆದ ಮೇಲೆ ಒಳನಾಡಿನಲ್ಲಿ ಉಳಿಯುವ ಎತ್ತುವ ಬಲ ಸುಮಾರು 1,200 ಕಿ.ಗ್ರಾಂ. ಇದರ ಅರ್ಧ ಭಾಗವು ಹೊರಬದಿಯ ಮೂರು ಕಂಬಗಳ ಮೇಲೆ ಬೀಳುತ್ತದೆ. ನಡುವಿನ ಕಂಬಕ್ಕೆ 300 ಕಿ.ಗ್ರಾಂ., ಮೂಲೆಯ ಕಂಬಗಳಿಗೆ ತಲಾ 150 ಕಿ.ಗ್ರಾಂ. ಪಾಲು ಬರುತ್ತದೆ. ಈ ಬಲವನ್ನು ಎದುರಿಸುವುದು ನೆಲದೊಳಗಿನ ಕಾಂಕ್ರೀಟಿನ ತೂಕ.

2 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಆಳದ ಕಾಂಕ್ರೀಟ್ ಗಟ್ಟಿಯ ಗಾತ್ರ 10 ಘನ ಅಡಿ; ತೂಕ ಸುಮಾರು 680 ಕಿ.ಗ್ರಾಂ. ನಡುವಿನ ಕಂಬದ ಅಗತ್ಯಕ್ಕಿಂತ ಇದು ಎರಡು ಪಟ್ಟು ಹೆಚ್ಚಾಗಿರುವುದರಿಂದ ಸುರಕ್ಷಿತ. ಎಲ್ಲ ಕಂಬಗಳಿಗೂ ಇದೇ ಅಳತೆಯನ್ನು ಅನುಸರಿಸಬೇಕು. ಕರಾವಳಿಯಲ್ಲಿ ಆಳವನ್ನು 3 ಅಡಿಗೆ ಹೆಚ್ಚಿಸಬೇಕು. ಎರೆ ಭೂಮಿಯಲ್ಲಿ ಗಟ್ಟಿಯಾದ ಗರಸು ಸಿಗುವವರೆಗೆ ಅಗೆಯಬೇಕು. ಗರಸು ಆಳದಲ್ಲಿದ್ದರೆ ಕನಿಷ್ಠ 4 ಅಡಿ ಆಳಕ್ಕೆ ಹೋಗಬೇಕು.

ಸಿಮೆಂಟ್, ಮರಳು ಹಾಗೂ ಜಲ್ಲಿಯನ್ನು 1:2:4 ಪ್ರಮಾಣದಲ್ಲಿ ಬೆರೆಸಿ ತುಂಬಿ, ಕನಿಷ್ಠ ಏಳು ದಿನ ನೀರುಣಿಸಬೇಕು. ಕಂಬದ ತಳಪಟ್ಟಿಯನ್ನು ಹಿಡಿಯುವ 16 ಮಿ.ಮೀ. ದಪ್ಪದ, ಕೆಳತುದಿ ಬಾಗಿಸಿದ, ಒಂದೂವರೆ ಅಡಿ ಉದ್ದದ ನಾಲ್ಕು ಬೋಲ್ಟುಗಳನ್ನು ಕಾಂಕ್ರೀಟ್ ಹಸಿಯಿರುವಾಗಲೇ ಸರಿಯಾದ ಅಂತರದಲ್ಲಿ ಹೂಳಬೇಕು. ಗುಂಡಿಯಲ್ಲಿ ಕಂಬವನ್ನಿಟ್ಟು ಸುತ್ತ ಕಲ್ಲು, ಮಣ್ಣು ಬಡಿಯುವ ರೂಢಿಯು ಎತ್ತುವ ಬಲದ ಮುಂದೆ ನಿಲ್ಲದು.

ಹಳೆಯ ಗೋಡೆಯ ಪಕ್ಕದಲ್ಲಿ ಅದರ ಅಡಿಪಾಯದ ತಳಕ್ಕಿಂತ ಆಳವಾಗಿ ಗುಂಡಿ ತೋಡಿದರೆ ಗೋಡೆ ಕುಸಿಯುವ ಅಪಾಯವಿದೆ. ಗೋಡೆ ಬದಿಯ ಕಂಬಗಳ ಗುಂಡಿಗಳನ್ನು ಗೋಡೆಯಿಂದ 2 ಅಡಿ ದೂರ ಸರಿಸಿ, ಓರೆತೊಲೆಗಳನ್ನು ಗೋಡೆಯ ಕಡೆಗೆ ಚಾಚುವುದು ಕ್ಷೇಮಕರ. ಗುಂಡಿಗಳನ್ನು ಒಂದೊಂದಾಗಿ ಅಗೆದು, ತುಂಬಿದ ನಂತರವೇ ಮುಂದಿನದನ್ನು ಅಗೆಯಬೇಕು.

ಚೌಕಟ್ಟು

• ಕಂಬ: 3 ಇಂಚಿನ ಕಬ್ಬಿಣದ ಕೊಳವೆ, ಬುಡದಲ್ಲಿ 8 ಇಂಚು ಚೌಕದ 10 ಮಿ.ಮೀ. ದಪ್ಪದ ತಳಪಟ್ಟಿ, ಕಂಬಗಳ ನಡುವೆ 10 ಅಡಿ ಅಂತರ.

• ಉದ್ದ ತೊಲೆ: 4 × 2 ಇಂಚು ಅಳತೆಯ, 3 ಮಿ.ಮೀ. ದಪ್ಪದ ಆಯತಾಕಾರದ ಕೊಳವೆ, ಕಂಬಗಳ ತಲೆಯ ಮೇಲೆ.

• ಓರೆತೊಲೆ: 3 × 1.5 ಇಂಚು ಅಳತೆಯ, 3 ಮಿ.ಮೀ. ದಪ್ಪದ ಕೊಳವೆ, 5 ಅಡಿಗೊಂದರಂತೆ ಐದು.

• ಅಡ್ಡಪಟ್ಟಿ (ಪರ್ಲಿನ್): 1.5 ಇಂಚಿನ, 2 ಮಿ.ಮೀ. ದಪ್ಪದ ಚೌಕ ಕೊಳವೆ, 3 ಅಡಿಗೆ ಮೀರದ ಅಂತರದಲ್ಲಿ ಐದು ಸಾಲು.

ಈ ಅಳತೆಗಳು ಒಳನಾಡಿನ ಗಾಳಿಗೆ ಅನ್ವಯಿಸುತ್ತವೆ. ಕರಾವಳಿಯಲ್ಲಿ ಓರೆತೊಲೆಗಳನ್ನು 4 ಅಡಿಗೊಂದರಂತೆ, ಅಡ್ಡಪಟ್ಟಿಗಳನ್ನು ಎರಡೂವರೆ ಅಡಿಗೊಂದರಂತೆ ಕೊಡಬೇಕು.

ಕಂಬ ಹಾಗೂ ಉದ್ದ ತೊಲೆ ಸೇರುವ ಪ್ರತಿ ಮೂಲೆಯಲ್ಲಿ 2 ಅಡಿ ಉದ್ದದ ಓರೆ ಆಧಾರವನ್ನು ಕೊಡಬೇಕು. ಇಲ್ಲವಾದರೆ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ. ಅಡ್ಡಪಟ್ಟಿಯಿಂದ ಓರೆತೊಲೆಗೆ, ಅಲ್ಲಿಂದ ಉದ್ದ ತೊಲೆಗೆ, ಕಂಬಕ್ಕೆ, ಕೊನೆಗೆ ಕಾಂಕ್ರೀಟಿಗೆ ಹೀಗೆ ಪ್ರತಿಯೊಂದು ಸಂಧಿಯೂ ಮೇಲ್ಮುಖ ಎಳೆತವನ್ನು ತಾಳುವಂತಿರಬೇಕು. ಸರಪಳಿಯ ಒಂದು ಕೊಂಡಿ ದುರ್ಬಲವಾಗಿದ್ದರೂ ಉಳಿದವುಗಳ ಬಲ ವ್ಯರ್ಥ. ಕೇವಲ ಚುಕ್ಕೆ ವೆಲ್ಡಿಂಗ್ ಮಾಡಿ ಬಿಡದೆ ಸಂಧಿಯ ಸುತ್ತಲೂ ವೆಲ್ಡಿಂಗ್ ಮಾಡಿಸಬೇಕು. ವೆಲ್ಡಿಂಗಿನ ಶಾಖಕ್ಕೆ ಸತುವಿನ ಲೇಪ ಸುಟ್ಟುಹೋಗುವುದರಿಂದ ಆ ಜಾಗಗಳಿಗೆ ಕೂಡಲೇ ತುಕ್ಕು ನಿರೋಧಕ ಬಣ್ಣ ಬಳಿಯಬೇಕು.

ತಗಡು ಹೊದಿಸುವುದು

ಕನಿಷ್ಠ ಅರ್ಧ ಮಿ.ಮೀ. ದಪ್ಪದ, ತಿಳಿಬಣ್ಣದ ತಗಡನ್ನು ಆರಿಸಬೇಕು. ತಿಳಿಬಣ್ಣವು ಬಿಸಿಲನ್ನು ಹೆಚ್ಚು ಪ್ರತಿಫಲಿಸುತ್ತದೆ. ಖರೀದಿಸುವಾಗ ತಗಡಿನ ಒಟ್ಟು ಅಗಲದ ಬದಲು ಪಕ್ಕದ ಜೋಡಣೆ ಕಳೆದು ಮುಚ್ಚುವ ಅಗಲವನ್ನು ಕೇಳಿ ತಿಳಿಯಬೇಕು. ಮುಚ್ಚುವ ಅಗಲ ಮೂರೂಕಾಲು ಅಡಿ ಇದ್ದಲ್ಲಿ 21 ಅಡಿಗೆ 7 ತಗಡುಗಳು ಬೇಕಾಗುತ್ತವೆ.

ನೈಋತ್ಯ ಮಾರುತದ ಗಾಳಿ ಬೀಸುವ ತುದಿಗೆ ವಿರುದ್ಧವಾದ ತುದಿಯಿಂದ ಹೊದಿಕೆಯನ್ನು ಆರಂಭಿಸಬೇಕು. ಆಗ ಜೋಡಣೆಯ ತೆರೆದ ಅಂಚು ಗಾಳಿಗೆ ಬೆನ್ನು ಮಾಡುತ್ತದೆ. ಅಲೆಯಾಕಾರದ ತಗಡಿನಲ್ಲಿ ಪಕ್ಕದ ಜೋಡಣೆಯು ಕನಿಷ್ಠ ಒಂದೂವರೆ ಅಲೆಯಷ್ಟು ಇರಬೇಕು.

ರಬ್ಬರ್ ವಾಷರ್ ಇರುವ ಸ್ಕ್ರೂಗಳನ್ನು ತಗಡಿನ ಉಬ್ಬಿನ ಮೇಲೆ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ಹರಿಯುವ ನೀರು ರಂಧ್ರದ ಮೂಲಕ ಇಳಿಯುತ್ತದೆ. ನಡುವಿನ ಅಡ್ಡಪಟ್ಟಿಗಳಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ, ಕೆಳಗಿನ ಹಾಗೂ ಮೇಲಿನ ಅಂಚುಗಳಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ ಇರಬೇಕು. ಗಾಳಿಯ ಎಳೆತ ಅತ್ಯಧಿಕವಾಗಿರುವುದು ಅಂಚು ಮತ್ತು ಮೂಲೆಗಳಲ್ಲಿ. ತಗಡು ಕಿತ್ತುಬರಲು ಆರಂಭವಾಗುವುದೂ ಅಲ್ಲಿಂದಲೇ. ವಾಷರ್ ಅಪ್ಪಚ್ಚಿಯಾಗುವಷ್ಟು ಬಿಗಿದರೆ ರಬ್ಬರ್ ಸೀಳುತ್ತದೆ.

ತಗಡು ಗೋಡೆಯನ್ನು ಸೇರುವ ಸ್ಥಳ

ಸೋರಿಕೆಯ ದೂರುಗಳು ಬಹುಮಟ್ಟಿಗೆ ಈ ಸ್ಥಳಕ್ಕೆ ಸಂಬಂಧಿಸಿದವು. ತಗಡು ಮತ್ತು ಗೋಡೆಯ ನಡುವಿನ ಸಂದಿಗೆ ಸಿಮೆಂಟ್ ಮೆತ್ತುವುದು ಸಾಮಾನ್ಯ ತಪ್ಪು. ಹಗಲು ರಾತ್ರಿಗಳ ನಡುವೆ ತಗಡಿನ ಉಷ್ಣತೆ 40 ಡಿಗ್ರಿಯಷ್ಟು ಬದಲಾದರೆ 12 ಅಡಿ ಉದ್ದದ ತಗಡು ಸುಮಾರು 2 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸಿಮೆಂಟ್ ಇದನ್ನು ತಾಳಲಾರದೆ ಮೊದಲ ಬೇಸಿಗೆಯಲ್ಲೇ ಬಿರಿಯುತ್ತದೆ.

ಹಳೆಯ ಚಾವಣಿಯ ಸೂರು ಗೋಡೆಯಿಂದ ಕನಿಷ್ಠ 6 ಇಂಚು ಹೊರಚಾಚಿದ್ದರೆ ಹೊಸ ತಗಡಿನ ಮೇಲ್ತುದಿಯನ್ನು ಅದರ ಕೆಳಗೆ ಗೋಡೆಯವರೆಗೆ ಸೇರಿಸುವುದೇ ಅತ್ಯುತ್ತಮ ಪರಿಹಾರ. ಸೂರಿಲ್ಲದ ಗೋಡೆಯಾದಲ್ಲಿ ‘ಎಲ್’ ಆಕಾರದಲ್ಲಿ ಬಾಗಿಸಿದ ತಗಡಿನ ಪಟ್ಟಿಯನ್ನು (ಫ್ಲ್ಯಾಶಿಂಗ್) ಬಳಸಬೇಕು. ಅದು ಗೋಡೆಯ ಮೇಲೆ 6 ಇಂಚು ಏರಿ, ಹೊಸ ತಗಡಿನ ಮೇಲೆ 8 ಇಂಚು ಇಳಿದಿರಬೇಕು. ಗೋಡೆಯಲ್ಲಿ 1 ಇಂಚು ಆಳದ ಗಾಡಿ ಕೊರೆದು ಪಟ್ಟಿಯ ಮೇಲಂಚನ್ನು ಅದರೊಳಗೆ ಮಡಚಿ ಸೇರಿಸಿ, ಹಿಗ್ಗಿ ಕುಗ್ಗುವ ಸೀಲೆಂಟಿನಿಂದ ಮುಚ್ಚಬೇಕು. ಪಟ್ಟಿಯು ಗೋಡೆಗೆ ಮಾತ್ರ ಬಿಗಿಯಾಗಿದ್ದು, ತಗಡಿನ ಮೇಲೆ ಸುಮ್ಮನೆ ಒರಗಿರಬೇಕು. ಆಗ ಎರಡೂ ತಮ್ಮ ಪಾಡಿಗೆ ಅಲುಗಾಡಿದರೂ ನೀರು ಇಳಿಯದು.

ಮಳೆನೀರಿನ ನಿರ್ವಹಣೆ

ಹಳೆಯ ಚಾವಣಿಯ ನೀರು ಹೊಸದರ ಮೇಲೆ ಬೀಳುವಂತಿದ್ದರೆ ಎರಡರ ನೀರೂ ಒಂದೇ ಅಂಚಿನಿಂದ ಸುರಿಯುತ್ತದೆ. ಹಳೆಯ ಇಳಿಜಾರಿನ 200 ಚದರ ಅಡಿ ಹಾಗೂ ಹೊಸದರ 250 ಚದರ ಅಡಿ ಸೇರಿ ಸುಮಾರು 42 ಚದರ ಮೀಟರ್ ಆಗುತ್ತದೆ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 2,100 ಲೀಟರ್ ನೀರು ಕಂಬಗಳ ಬುಡಕ್ಕೆ ಬಿದ್ದು ಮಣ್ಣನ್ನು ಕೊರೆಯುತ್ತದೆ. ಆದ್ದರಿಂದ 6 ಇಂಚು ಅಗಲದ ನೀರುದೋಣಿಯನ್ನು 20 ಅಡಿಗೆ ಎರಡೂವರೆ ಇಂಚು ಇಳಿಜಾರಿನಲ್ಲಿ ಕೂರಿಸಿ, 4 ಇಂಚಿನ ಪೈಪಿನ ಮೂಲಕ ತೊಟ್ಟಿಗೆ ಅಥವಾ ಕೃಷಿ ಹೊಂಡಕ್ಕೆ ಹಾಯಿಸಬೇಕು. ಒಳನೆಲವು ಹೊರಗಿನ ಮಟ್ಟಕ್ಕಿಂತ ಕನಿಷ್ಠ 1 ಅಡಿ ಎತ್ತರವಿದ್ದು, ಹೊರಕ್ಕೆ ತುಸು ಇಳಿಜಾರಾಗಿರಬೇಕು.

ಸುರಕ್ಷತೆ

• ನಿರ್ಮಾಣ ಸ್ಥಳದ ಮೇಲೆ ಅಥವಾ ಸಮೀಪದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದನ್ನು ಸ್ಥಳಾಂತರಿಸಿದ ನಂತರವೇ ಕೆಲಸ ಆರಂಭಿಸಬೇಕು. ಉದ್ದನೆಯ ತಗಡನ್ನು ಎತ್ತುವಾಗ ತಂತಿ ತಾಗಿದರೆ ಪ್ರಾಣಾಪಾಯ ನಿಶ್ಚಿತ.

• ಶೆಡ್ಡಿಗೆ ಬರುವ ವೈರು ತಗಡಿಗಾಗಲಿ ಚೌಕಟ್ಟಿಗಾಗಲಿ ತಾಗಿಕೊಂಡಿರಬಾರದು. ಚೌಕಟ್ಟಿಗೆ ಅರ್ಥಿಂಗ್ ಮಾಡಿಸಿ, ಸೋರು ವಿದ್ಯುತ್ತನ್ನು ತಡೆಯುವ ಬ್ರೇಕರ್ ಅಳವಡಿಸಬೇಕು.

• ತಗಡು ಹೊದಿಸುವ ಕೆಲಸವನ್ನು ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಮಾಡಬೇಕು. ಅರ್ಧ ಬಿಗಿದ ತಗಡನ್ನು ಸಂಜೆಗೆ ಹಾಗೆಯೇ ಬಿಡಬಾರದು.

• ಚಾವಣಿಯ ಮೇಲೆ ಅಡ್ಡಪಟ್ಟಿಯಿರುವ ಕಡೆಯಷ್ಟೇ ಹೆಜ್ಜೆಯಿಡಬೇಕು, ಕೈಗವಸು ಧರಿಸಬೇಕು.

ಕಾಲ ಮತ್ತು ನಿರ್ವಹಣೆ

ಫೆಬ್ರವರಿಯಲ್ಲಿ ಅಡಿಪಾಯ ಮುಗಿಸಿ, ಮಾರ್ಚ್ ಅಂತ್ಯದೊಳಗೆ ತಗಡನ್ನು ಪೂರ್ಣವಾಗಿ ಬಿಗಿಯುವಂತೆ ಕೆಲಸವನ್ನು ಯೋಜಿಸಬೇಕು. ನಂತರ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಸಡಿಲವಾದ ಸ್ಕ್ರೂಗಳನ್ನು ಬಿಗಿದು, ಸೀಳಿದ ವಾಷರುಗಳನ್ನು ಬದಲಿಸಿ, ತುಕ್ಕು ಕಂಡಲ್ಲಿ ಕೆರೆದು ಬಣ್ಣ ಬಳಿದು, ದೋಣಿಯ ಕಸವನ್ನು ತೆಗೆಯಬೇಕು. ಕಂಬದ ಬುಡದ ಬೋಲ್ಟುಗಳನ್ನು ವಿಶೇಷವಾಗಿ ಪರಿಶೀಲಿಸಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕ್ಷೇತ್ರ ಭೇಟಿಯ ಸಂದರ್ಭದಲ್ಲಿ ಈಗಾಗಲೇ ಇರುವ ಇಳಿಚಾವಣಿಗಳಲ್ಲಿ ಐದು ಅಂಶಗಳನ್ನು ಪರೀಕ್ಷಿಸಿ ರೈತರಿಗೆ ತಿಳಿಸಬಹುದು: ತಗಡಿನ ಮೇಲೆ ಕಲ್ಲುಗಳಿವೆಯೇ, ಅಂಚಿನ ಪ್ರತಿ ಉಬ್ಬಿಗೂ ಸ್ಕ್ರೂ ಇದೆಯೇ, ಕಂಬಗಳು ಕಾಂಕ್ರೀಟಿನಲ್ಲಿ ಬೋಲ್ಟಿನಿಂದ ಬಿಗಿಯಲ್ಪಟ್ಟಿವೆಯೇ, ಚಾವಣಿಯು ದುರ್ಬಲ ಗೋಡೆಯನ್ನು ಅಥವಾ ಹಳೆಯ ತೊಲೆಗಳನ್ನು ಅವಲಂಬಿಸಿದೆಯೇ, ವಿದ್ಯುತ್ ವೈರು ತಗಡಿಗೆ ತಾಗಿದೆಯೇ. ಇವುಗಳಲ್ಲಿ ಸ್ಕ್ರೂಗಳ ಕೊರತೆಯನ್ನು ಒಂದೇ ದಿನದಲ್ಲಿ, ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ಬುಡ ಗಟ್ಟಿಯಿಲ್ಲದ ಕಂಬಗಳ ಸುತ್ತ ಅಗೆದು ಕಾಂಕ್ರೀಟ್ ತುಂಬುವ ಕೆಲಸವನ್ನೂ ಚಾವಣಿಯನ್ನು ಬಿಚ್ಚದೆಯೇ, ತಾತ್ಕಾಲಿಕ ಆಧಾರ ಕೊಟ್ಟು, ಒಂದೊಂದೇ ಕಂಬಕ್ಕೆ ಮಾಡಬಹುದು.

ಇಲ್ಲಿ ನೀಡಿದ ಅಳತೆಗಳು 20 × 10 ಅಡಿಯ ಇಳಿಚಾವಣಿಗೆ ಮಾತ್ರ ಅನ್ವಯಿಸುತ್ತವೆ. ಇದಕ್ಕಿಂತ ದೊಡ್ಡದಾದ, ಅಥವಾ ಬೆಟ್ಟದ ನೆತ್ತಿ, ಕಡಲ ತೀರದಂತಹ ತೆರೆದ ಜಾಗದಲ್ಲಿನ ನಿರ್ಮಾಣಕ್ಕೆ ಕೃಷಿ ಎಂಜಿನಿಯರರ ಸಲಹೆ ಪಡೆದು ಮುಂದುವರಿಯುವುದು ಸೂಕ್ತ.